ಬೀಗದ ಗಂಗಮ್ಮ

ಕಪ್ಪು ಹಲಗೆಯ ಮೇಲೆ ಪದ್ಯದ ಸಾಲು ಬರೆಯುತ್ತಿದ್ದ ಜಯರಾಮಪ್ಪನಿಗೆ ತರಗತಿಯ ಬಾಗಿಲಲ್ಲಿ ತಮ್ಮೂರಿನ ಕೋನಪ್ಪ ಕಂಡ. ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಸೈಕಲ್ ತುಳಿದು ಬಂದು ಏದುಸಿರು ಬಿಡುತ್ತಿದ್ದ.

“ಮೇಷ್ಟ್ರೇ, ಬೀಗದ ಗಂಗಮ್ಮ ಹೋಗ್ಬಿಟ್ಲು,” ಅಂದವನೇ ನಾಲಿಗೆ ಕಚ್ಚಿಕೊಂಡ. “ಅಲ್ಲ… ನಿಮ್ಮತ್ತಿಗೆ. ಅಕ್ಕಯ್ಯಮ್ಮನೋರು.”

ಗಂಗಮ್ಮ ಜಯರಾಮಪ್ಪನ ಕಾದಂಬರಿಯ ಹೆಂಗಸು. ಬೆಲ್ಲದ ಪೆಟ್ಟಿಗೆಗೆ ಬೀಗ ಜಡಿದು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಜಿಪುಣಿ. ಅರವತ್ತೆರಡನೇ ಇಸವಿಯಲ್ಲಿ ಪುಸ್ತಕ ಬಂದಾಗ ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನಿಗೆ ಹೆಸರು ಬಂದದ್ದೇ ಅವಳಿಂದ. ಅವಳು ಯಾರೆಂದು ಊರಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

*

“ಓದಿದ್ದು ಸಾಕು, ನಾಳೆಯಿಂದ ಸೊಪ್ಪು ಕುಯ್ಯೋಕೆ ಬರ್ಲಿ,” ಎಂದಿದ್ದ ಅಣ್ಣ ಮುದ್ದಪ್ಪ, ಜಯರಾಮಪ್ಪ ಇನ್ನೂ ಹುಡುಗನಾಗಿದ್ದಾಗ.

“ಅವನ ಪಾಲಿನ ಸೊಪ್ಪು ನಾನು ಕುಯ್ತೀನಿ. ಓದ್ಕೊಳ್ಳಲಿ ಬಿಡಿ,” ಎಂದಿದ್ದಳು ಅತ್ತಿಗೆ.

ರೇಷ್ಮೆ ಹುಳುಗಳಿಗೆ ಸೊಪ್ಪು ಹರಡುತ್ತ ಆಕೆ ಕತೆ ಹೇಳುತ್ತಿದ್ದಳು. ಒಂದೇ ಕತೆ, ದಿನಕ್ಕೊಂದು ಕೊನೆ.

“ನಿನ್ನೆ ರಾಜ ಸತ್ತೋಗಿದ್ನಲ್ಲ ಅತ್ತಿಗಮ್ಮ?”

“ನಿನ್ನೆ ಹುಳ ಮೇವು ಬಿಟ್ಟು ಪೊರೆ ಬಿಡೋ ಜ್ವರಕ್ಕೆ ಕೂತಿದ್ವು ಕಣಪ್ಪ, ನನ್ನ ಮನಸ್ಸು ಸರಿ ಇರ್ಲಿಲ್ಲ. ಇವತ್ತು ಚೆನ್ನಾಗಿ ತಿಂತಾವೆ. ರಾಜನೂ ಬದುಕ್ಕೊಳ್ಳಲಿ ಬಿಡು.”

ಅವನು ಹಾಸ್ಟೆಲಿನಿಂದ ಬಂದಾಗಲೆಲ್ಲ ಆ ಬೆಲ್ಲದ ಪೆಟ್ಟಿಗೆಯ ಬೀಗ ಅವನಿಗಾಗಿ ತೆರೆಯುತ್ತಿತ್ತು. ಕಾದಂಬರಿ ಬರೆಯುವಾಗ ಅದು ನೆನಪಿತ್ತು. ಬರೆದರೆ ನಗು ಕೆಡುತ್ತದೆಂದು ಬಿಟ್ಟಿದ್ದ.

*

ಅಣ್ಣನ ಮನೆಯ ಅಂಗಳದಲ್ಲಿ ಹೆಂಗಸರು ಕೂತಿದ್ದರು. ನೆರೆಮನೆಯ ಪೆದ್ದಮ್ಮನನ್ನು ಒಬ್ಬಳು ಕೇಳಿದಳು, “ಹುಳಕ್ಕೆ ಸೊಪ್ಪು ಹಾಕಿದ್ರೇನೇ ಪೆದ್ದಮ್ಮ?”

“ಸೂತಕದೋರು ಹುಳದ ಕೋಣೆಗೆ ಹೋಗಂಗಿಲ್ವಲ್ಲ, ನಾನೇ ಹಾಕ್ದೆ. ಕೈ ಬಿಗಿ ಮಾಡ್ಬೇಡ ಕಣೇ ಅಂತ ಬೈಯೋಕೆ ಅವಳೇ ಇಲ್ಲ.”

ಜಯರಾಮಪ್ಪ ಅಣ್ಣನ ಪಕ್ಕ ಕುಳಿತ.

“ಅತ್ತಿಗೆಗೆ ಗೊತ್ತಿತ್ತಾ, ಪುಸ್ತಕದ ವಿಷಯ?”

“ಕೋನಪ್ಪನ ಕೈಲಿ ಪೂರ್ತಿ ಓದಿಸ್ಕೊಂಡ್ಲು ಕಣೋ.”

“ಏನಂದ್ಲು?”

“ಎಲ್ಲರ ಜೊತೆ ತಾನೂ ನಕ್ಲು. ಆಮೇಲೆ ಒಳಕ್ಕೋಗಿ ಪೆಟ್ಟಿಗೆ ಬೀಗ ಕಿತ್ತು ಹಿತ್ತಲಿಗೆ ಎಸೆದ್ಲು. ಮತ್ತೆ ಹಾಕ್ಲಿಲ್ಲ.”

ಚಟ್ಟ ಎತ್ತುವಾಗ ಜಯರಾಮಪ್ಪನೂ ಹೆಗಲು ಕೊಟ್ಟ.

ಸ್ಮಶಾನದ ಅರ್ಧ ದಾರಿಯಲ್ಲಿ, ನೇರಳೆ ಮರದ ಕೆಳಗೆ ಚಟ್ಟ ಇಳಿಸಿದರು. ಹೋದ ಜೀವ ಓಗೊಟ್ಟೀತೇನೋ ಎಂದು ಮಗ ಹೆಣದ ಕಿವಿಯಲ್ಲಿ ಮೂರು ಸಲ ಕೂಗುವುದು ವಾಡಿಕೆ. ಅಕ್ಕಯ್ಯಮ್ಮನಿಗೆ ಮಕ್ಕಳಿರಲಿಲ್ಲ.

“ಸಾಕಿದ್ದು ನಿನ್ನನ್ನೇ. ನೀನೇ ಕೂಗು,” ಎಂದ ಮುದ್ದಪ್ಪ.

“ಅತ್ತಿಗೆ ಅಂದ್ರೆ ಆಗಲ್ಲಪ್ಪ, ಹೆಸರು ಹಿಡಿದು ಕೂಗ್ಬೇಕು,” ಎಂದರು ಹಿರಿಯ ಮುನಿಗಂಗಪ್ಪ.

“ಯಾವ ಹೆಸರು?” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಯಾರೂ ನಗಲಿಲ್ಲ.

ಜಯರಾಮಪ್ಪ ಮೊಣಕಾಲೂರಿ ಬಾಗಿದ. ಎಂದೂ ಬಾಯಲ್ಲಿ ಆಡದ ಹೆಸರನ್ನು ಕೂಗಿದ. “ಅಕ್ಕಯ್ಯಮ್ಮಾ.” ಇನ್ನೊಮ್ಮೆ ಕೂಗಿದ. ಮೂರನೆಯದಕ್ಕೆ ತುಟಿ ಮಾತ್ರ ಅಲ್ಲಾಡಿತು. ಹೊರುವವರು ಕಾದು ನಿಂತರು. ಅವನು ಆ ತಣ್ಣನೆಯ ಕಿವಿಯ ಬಳಿಯಿಂದ ಮುಖ ತೆಗೆಯಲಿಲ್ಲ.

ತಂದೆ ನಾರಾಯಣ, ಈ ತಾಯಿಗೆ ಶಾಂತಿ ಕೊಡು. ನಿನ್ನಲ್ಲಿಗೆ ಬಂದಾಗ ಅಕ್ಕಯ್ಯಮ್ಮ ಅಂತಲೇ ಕರಿ.