ಹೊಳಿ ದಂಡಿಯ ನಲವತ್ತೊಂದು ಹೆಸರು

ಹೊಳೆಆಲೂರಿನ ಬಸ್ಸಿನ್ಯಾಗ ನಾ ಕುಂತ್ರ ಸಾಕು, ಕಣ್ಣ ಮುಚ್ಚತಾವ. ರೋಣ ದಾಟೂದ ತಡ, ಎರಡೂ ಕಡೆ ಎರಿ ಹೊಲ, ಮುಗಿಯೂದೇ ಇಲ್ಲ. ಕಿಡಕಿ ಬಿಸಲು ಮಾರಿ ಮ್ಯಾಲೆ ಬಿದ್ದಕೂಡ್ಲೆ ಓದಿದ್ದೆಲ್ಲಾ ಕಲಸಕೊಂಡು ಕನಸಾಗಿ ಬರತೈತಿ. ಅವತ್ತಿನ ಕನಸ ಇನ್ನೂ ಮರತಿಲ್ಲ. ನನ್ನ ಕಂಪ್ಯೂಟರಿನ ಪಟ್ಟಿ ಹೊಲದಗಲ ಹಾಸಿತ್ತು. ಅದರಾಗ ನಲವತ್ತೊಂದು ಚೌಕ ಖಾಲಿ. ಒಂದೊಂದ ಚೌಕದಾಗೂ ಒಬ್ಬೊಬ್ಬಾಕಿ ನಿಂತು, ಬಾಯಿಗೆ ಸೆರಗ ಹಿಡಕೊಂಡು ನಗಾಕ ಹತ್ತಿದ್ಲು. ನಾ ಹೆಸರ ಕೇಳತೀನಿ, ಅವರು ನಗತಾರ. ಕಂಡಕ್ಟರ್ "ಅಕ್ಕಾರ, ಊರ ಬಂತ್ರಿ" ಅಂತ ಎಬ್ಬಿಸಿದ.

ನಾನು ನೀಲಾ. ಗಜೇಂದ್ರಗಡದ ಸೊಸಿ, ಎರಡ ಮಕ್ಕಳ ತಾಯಿ. ಮೂವತ್ತನಾಲ್ಕನೇ ವಯಸ್ಸಿಗೆ ಮಾಹಿತಿ ವ್ಯವಸ್ಥೆ ಅನ್ನೋ ವಿಷಯದಾಗ ಎಂ.ಎಸ್ಸಿ. ಹಿಡದೇನಿ. "ಈಗ ಎಂಥಾ ಓದವ್ವಾ?" ಅಂತ ಓಣ್ಯಾಗ ಕೇಳಾವರಿಗೆ ಬರ ಇಲ್ಲ. ನಿಮ್ಮ ಗಂಟೇನ ಹೋತು ಅಂತ ಬಾಯಿ ತುದಿಗೆ ಬರತೈತಿ, ನುಂಗಕೋತೀನಿ. ನಮ್ಮ ಮನಿಯವರು ಒಂದ ಮಾತ ಅಂದಿಲ್ಲ. ಅಷ್ಟ ಸಾಕು.

ಕೊನೀ ವರ್ಷದ ಕೆಲಸಕ್ಕ ನಾ ಆರಿಸಿಕೊಂಡದ್ದು ಹೊಳೆಆಲೂರು. ಅಲ್ಲಿ ಮಲಪ್ರಭಾ ದಂಡಿ ಓಣ್ಯಾಗ ತೊಂಬತ್ತಾರು ಮನಿ. ಹೊಳಿ ಏರಾಕ ಹತ್ತಿದ್ರ ಆ ಅಷ್ಟೂ ಮನಿಗೆ ಒಮ್ಮೆಲೇ ಫೋನ್ ಹೋಗಬೇಕು, "ನೀರ ಬರಾಕ ಹತ್ತೈತಿ, ಸಾಲಿ ಕಡೆ ನಡೀರಿ" ಅಂತ. ಮತ್ತೊಮ್ಮೆ ಕೇಳಬೇಕಂದ್ರ ಒಂದು ಒತ್ತಬೇಕು. ಮಾತಿನ ಮೊದಲು ಮನಿ ಯಜಮಾನನ ಹೆಸರ ಹಿಡದ ಕರಿಯೂದು ನನ್ನದೇ ಉಪಾಯ. ಹೆಸರ ಕೇಳಿದ್ರ ಯಾರರ ಏಳತಾರ, ಬರೇ ಗಂಟಿ ಬಾರಿಸಿದ್ರ ಯಾರೂ ಏಳಂಗಿಲ್ಲ. ಹಂಗಾಗಿ ಒಂದೊಂದೇ ಹೆಸರ ನನ್ನ ದನಿಯಾಗ ಹೇಳಿ ತುಂಬಿದ್ದೆ. ಪಟ್ಟ್ಯಾಗ ನಮ್ಮ ಮನಿಯವರ ಹೆಸರಿನಾವ ಒಬ್ಬ ಇದ್ದ. ಅದೊಂದನ್ನ ಅವರ ಕಡಿಂದಲೇ ಹೇಳಿಸಿದೆ. ನಗಬ್ಯಾಡ್ರಿ, ಹತ್ತ ವರ್ಷದಾಗ ಆ ಹೆಸರ ನನ್ನ ಬಾಯಾಗ ಬಂದಿಲ್ಲ.

ಮೊದಲನೇ ಸಲ ಪರೀಕ್ಷೆಗಂತ ಫೋನ್ ಬಿಟ್ಟಾಗ ಐವತ್ತೈದು ಮನ್ಯಾಗ ಗಂಟಿ ಆತು. ನಲವತ್ತೊಂದು ಮನಿ ಗಪ್‌ಚಿಪ್. ನನಗ ಕಲಿಸೋ ಖಾದರ ಸರ್ ಪಟ್ಟಿ ನೋಡಿ ಕನ್ನಡಕ ತಗದ್ರು.

"ಈ ನಲವತ್ತೊಂದು ಎಲ್ಲಿ ಹೋದುವು ನೀಲಾ?"

"ಯಜಮಾನನ ಹೆಸರ ಇಲ್ಲದ ಸಾಲು ಸರ್. ಅರ್ಧಮರ್ಧ ಮಾಹಿತಿ ಅಂತ ಅಳಿಸಿಬಿಟ್ಟೆ."

"ಹೆಸರ ಯಾಕಿಲ್ಲ?"

ಆಗ ಹೊಳೀತ್ರಿ ನನಗ. ನಾ ಹೆಸರ, ಫೋನ್ ನಂಬರ್ ಬರಕೊಳ್ಳಾಕ ಹೋದದ್ದು ಮಧ್ಯಾಹ್ನದಾಗ. ಗಂಡಸರು ಇದ್ದ ಮನ್ಯಾಗ ಅವರೇ ಹೆಸರ ಹೇಳಿದ್ರು. ಉಳದ ಗಂಡಸರು ಗೋವಾಕ್ಕ, ಮಂಗಳೂರಿಗೆ ದುಡಿಯಾಕ ಹೋದಾವರು. ಅಲ್ಲಿ ಹೆಂಗಸರನ್ನ "ನಿಮ್ಮ ಮನಿಯವರ ಹೆಸರು?" ಅಂದ್ರ ಸೆರಗ ಬಾಯಿಗೆ ಹೋಗತಿತ್ತು. "ಅಯ್ಯ, ಹ್ಯಾಂಗ ಹೇಳೂನ್ರಿ" ಅಂತಿದ್ರು. ಗಂಡನ ಹೆಸರ ಹೇಳಂತ ಇನ್ನೊಬ್ಬಾಕೀನ ಕಾಡೂದು ಚಲೋ ಅಲ್ಲಂತ, ಮುಂದ ತುಂಬೂನು ಅಂದಕೊಂಡು ಚೌಕ ಖಾಲಿ ಬಿಟ್ಟಿದ್ದೆ. ಮುಂದ ಮರತೆ. ಗಂಡಸಿಲ್ಲದ ಮನೀನೇ ಹುಡುಕಿ ಹುಡುಕಿ ತಗದ ಒಗದಂಗಾಗಿತ್ತು. ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ!

"ಹತ್ತ ದಿನಕ್ಕ ಮೌಖಿಕ ಪರೀಕ್ಷೆ" ಅಂದ್ರು ಖಾದರ ಸರ್. "ಒಂದ ಮನಿ ತಪ್ಪಿದ್ರೂ ನಾ ಸಹಿ ಮಾಡಂಗಿಲ್ಲ. ಪದವಿ ಅತ್ಲಾಗಿರ್ಲಿ, ನಾಳೆ ನೀರ ಬಂದ್ರ ಆ ಮನಿಗೆ ಯಾರ ಹೇಳತಾರ?"

ಅದಕ್ಕ ನಾ ಆ ಬಸ್ಸಿನ್ಯಾಗ ಇದ್ದದ್ದು.

ನನ್ನ ಹತ್ರ ಒಂದ ಉಪಾಯ ಇತ್ತು. ನೇರ ಹೆಸರ ಕೇಳಿದ್ರ ಹೇಳಂಗಿಲ್ಲ, ಆದ್ರ ಲಗ್ನದಾಗ ಹಾಡಿನಂಗ ಒಡಪ ಕಟ್ಟಿ, ಅದರಾಗ ಗಂಡನ ಹೆಸರ ಸೇರಿಸಿ ಎಲ್ಲಾರೂ ಹೇಳೇ ಇರತಾರ. ಮೊದಲನೇ ಮನಿ ಕಟ್ಟಿ ಮ್ಯಾಲೆ ಕುಂತು, "ಒಡಪ ಹಾಕ್ರಿ, ಕೇಳೂನು" ಅಂದೆ. ನಕ್ಕರು, ನಾಚಿದ್ರು, ಆಮ್ಯಾಲೆ ಉಮಾ ಅನ್ನೋ ಹುಡುಗಿ ಶುರು ಮಾಡಿದ್ಲು.

"ಹಿತ್ತಲಾಗ ಬಳ್ಳಿ, ಬಳ್ಳಿ ತುಂಬ ಹೂವ್ವಾ, ಮಾಳಪ್ಪನ ಹೆಸರ ಹೇಳೇನಿ, ನಗಬ್ಯಾಡ ಯವ್ವಾ!"

ಆಮ್ಯಾಲೆ ಕೇಳಬ್ಯಾಡ್ರಿ. ಮನಿ ಮನಿಯಿಂದ ಒಡಪ ಬಂದುವು. ಹೊಳಿ ಕಡಿಂದ ತಂಪ ಗಾಳಿ ಬೀಸತಿತ್ತು, ದೂರದಾಗ ರೈಲ ಕೂಗತಿತ್ತು. ಎಲ್ಲೋ ಇದ್ದ ಗಂಡಂದಿರು ಹೆಸರ ಕೇಳಿ ಒಬ್ಬೊಬ್ಬರಾಗಿ ಬಂದು ಬಾಗಲದಾಗ ನಿಂತಾರಂತ ಅನಿಸ್ತು ನನಗ. ಹೊತ್ತ ಇಳಿಯೂದರಾಗ ನಲವತ್ತ ಚೌಕ ತುಂಬಿದುವು.

ಉಳದದ್ದು ನೀರಿಗೆ ಎಲ್ಲಾಕಿಂತ ಹತ್ರದ ಮನಿ. ಓಣ್ಯಾವರು ಆಕೀಗೆ 'ಮೂಲಿಮನಿಯಾಕಿ' ಅಂತಿದ್ರು. ಅರವತ್ತರ ಮುದುಕಿ, ಒಬ್ಬಾಕೀನೇ ಕುಂತು ಜ್ವಾಳ ಹಸನ ಮಾಡತಿದ್ಲು.

"ಒಡಪ ಬರಂಗಿಲ್ಲವ್ವಾ" ಅಂದ್ಳು. "ಅಂವ ರೈಲ ಹತ್ತಿ ಹೋಗಿ ಹದಿನಾಲ್ಕ ವರ್ಷಾತು. ಹೆಸರ ಹೇಳಿ ಯಾರನ್ನ ಕರೀಲಿ?"

"ಹಂಗಂದ್ರ ಹ್ಯಾಂಗ ಯವ್ವಾ, ಮನಿ ಯಜಮಾನ ಅಂತ ಒಬ್ಬಾವ ಬೇಕಲ್ಲ."

ಆಕಿ ಜ್ವಾಳದ ಮೊರ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. "ಮುಂಜಾನೆ ಕದಾ ತಗಿಯಾಕಿ ನಾನು. ಸಂಜಿಗೆ ಹಾಕಾಕಿ ನಾನು. ಇನ್ಯಾವ ಯಜಮಾನ?"

ನಾಚಿಕಿ ಆತು ನನಗ, ಖರೇ ಹೇಳತೀನಿ. ಆ ನಲವತ್ತ ಮನ್ಯಾಗೂ ಫೋನ್ ಇರೂದು ಹೆಂಗಸರ ಕೈಯಾಗ. ನಾ ಗೋವಾದಾಗ ಇದ್ದ ಮಾಳಪ್ಪನ್ನ ಕರದು ಉಮಾಗ ನೀರ ಬಂತು ಅಂತ ಹೇಳಾಕ ಹೊಂಟಿದ್ದೆ! ರೇಷನ್ ಕಾರ್ಡಿನ್ಯಾಗೂ ಹೆಂಗಸರ ಹೆಸರ ಮೊದಲ ಇರತೈತಿ, ಎಂ.ಎಸ್ಸಿ. ಓದಾಕಿಗೆ ತಿಳೀಲಿಲ್ಲ.

"ಹಂಗಾರ ನಿಮ್ಮ ಹೆಸರ ಹೇಳ್ರಿ."

"ನಂದಾ?" ಅಂದ್ಳು. ಸೆರಗಿಗೆ ಕೈ ಒರಸಿಕೊಂಡ್ಳು. ತನ್ನ ಹೆಸರೇ ಆಕೀಗೆ ನೆಪ್ಪಿಲ್ಲೇನೋ ಅನಿಸ್ತು ನನಗ. ಆಮ್ಯಾಲೆ ಮೆಲ್ಲಕ, "ಶೇಖವ್ವ" ಅಂದ್ಳು.

ತಿರುಗಿ ನಲವತ್ತೂ ಮನಿಗೆ ಹೋದೆ. "ಇನ್ನೂ ಒಡಪ ಬೇಕೇನವ್ವಾ?" ಅಂತ ಕಾಡಿಸಿದ್ರು. "ಗಂಡಂದಿರ ಸಾಕು, ನಿಮ್ಮ ಹೆಸರ ಹೇಳ್ರಿ" ಅಂದೆ. ರಾತ್ರಿ ಕಡೀ ಬಸ್ಸಿನ್ಯಾಗ ಕಣ್ಣ ಮುಚ್ಚಿ ಆ ಹೆಸರ ಒಂದೊಂದೇ ಹೇಳಕೋತ ಬಂದೆ. ಮರುದಿನ ನನ್ನ ದನಿಯಾಗ ತುಂಬಿದೆ. ಪರೀಕ್ಷೆಯ ಹಿಂದಿನ ದಿನ ಮತ್ತ ಫೋನ್ ಬಿಟ್ಟೆ. ತೊಂಬತ್ತಾರಕ್ಕ ತೊಂಬತ್ತಾರೂ ಎತ್ತಿದ್ರು. ಖಾದರ ಸರ್ ಸಹಿ ಮಾಡಿದ್ರು.

ಪರೀಕ್ಷೆಗೆ ಹೊರಗಿಂದ ಬಂದಿದ್ದ ಮೇಡಂ ಎಲ್ಲಾ ಪುಟ ತಿರುವಿ ಒಂದ ಕಡೆ ಬೆರಳಿಟ್ರು.

"ಎಲ್ಲಾರೂ ಒಂದ ಸಲ, ಎರಡ ಸಲ ಕೇಳ್ಯಾರ. ಇದೊಂದ ನಂಬರಿನಾವರು ಒಂದು ಒತ್ತಿ ಒತ್ತಿ ಹನ್ನೊಂದ ಸಲ ಕೇಳ್ಯಾರ. ಮಾತು ಸರಿಯಾಗಿ ಕೇಳಿಲ್ಲ. ನಿಮ್ಮ ವ್ಯವಸ್ಥೆಯೊಳಗ ದೋಷ ಐತಿ."

ನಂಬರ್ ನೋಡಿದೆ. ಮೂಲಿಮನಿ. ನೀರಿಗೆ ಹತ್ರದ ಮನಿಗೇ ಕೇಳಿಲ್ಲಂದ್ರ ಎಲ್ಲಾ ನೀರಾಗ ಹೋಮ ಮಾಡಿದಂಗ. "ಈಗ ಕೇಳಲೇನ್ರಿ?" ಅಂದೆ. ಮೇಡಂ ಗೋಣ ಹಾಕಿದ್ರು. ಫೋನ್ ಎಲ್ಲಾರಿಗೂ ಕೇಳೂಹಂಗ ಟೇಬಲ್ ಮ್ಯಾಲೆ ಇಟ್ಟೆ.

"ಯವ್ವಾ, ನಾ ನೀಲಾ. ಮಾತು ತಿಳೀಲಿಲ್ಲೇನ್ರಿ? ಹನ್ನೊಂದ ಸಲ ಕೇಳೀರಂತ?"

"ಎಲ್ಲಾ ತಿಳೀತವ್ವಾ. ನೀರ ಬಂದ್ರ ಸಾಲಿಗೆ ಹೋಗಬೇಕು." ಆಮ್ಯಾಲೆ ಅಂದ್ಳು, "ಮೊದಲ ಹೆಸರ ಕರೀತೈತಲ್ಲ, ಅದನ್ನ ಕೇಳಿದೆ. ನಮ್ಮವ್ವ ಸತ್ತಮ್ಯಾಲೆ ಯಾರೂ ಕರದಿದ್ದಿಲ್ಲ. ಒತ್ತಬಾರದಿತ್ತೇನು?"

ಮೇಡಂ ಪೆನ್ನ ಕೆಳಗಿಟ್ರು. ಅಷ್ಟ ಹಿರೇ ಹೆಂಗಸನ್ನ ಬರೇ ಹೆಸರ ಹಿಡದು ಕರಿಯೂದು ನಮ್ಮ ಕಡೆ ರೂಢಿ ಇಲ್ಲ. ಆದ್ರೂ ಫೋನಿಗೆ ಬಗ್ಗಿ, ಎಲ್ಲಾರ ಎದುರಿಗೆ ಕರದೆ.

"ಶೇಖವ್ವಾ."

"ಓ" ಅಂದ್ಳು ಆಕಿ.