ಅಡುಗೆಕಟ್ಟೆಯ ಎತ್ತರ

"ಎರಡು ವರಸೆ ಇಟ್ಟಿಗೆ ಏರಿಸಿಕೊಟ್ರೆ ಸಾಕು," ಎಂದಳು ಮನೆ ನೋಡಲು ಬಂದಿದ್ದ ಚೂಡಾಮಣಿ, ಅಡುಗೆಕಟ್ಟೆಯ ಮುಂದೆ ಬಗ್ಗಿ ನಿಂತು. "ಇಷ್ಟು ತಗ್ಗಲ್ಲಿ ಅಡುಗೆ ಮಾಡಿದ್ರೆ ನನ್ನ ಸೊಂಟ ಹೋಗೇಬಿಡುತ್ತೆ. ಯಾರ ಅಳತೆಗೆ ಕಟ್ಸಿದ್ರೋ ಇದನ್ನ!"

ಮನೆಯೊಡತಿ ದ್ರೌಪದಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳ ಅಳತೆಗೇ ಕಟ್ಟಿಸಿದ್ದು. ಏಳು ವರ್ಷದ ಹಿಂದೆ ಹನುಮಂತನಗರದ ಈ ಮನೆ ಏಳುವಾಗ ಮೇಸ್ತ್ರಿ ಆಂಜಿನಯ್ಯ ಅವಳನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ದಾರ ಹಿಡಿದು ಗುರುತು ಹಾಕಿದ್ದ. "ನಿಂತ್ಕೊಂಡು ಅಡುಗೆ ಮಾಡೋ ಯೋಗ ಬಂತಲ್ಲಮ್ಮ," ಎಂದಿದ್ದ.

ಬರಲಿಲ್ಲ. ತಾರಸಿ ಹಾಕುವಷ್ಟರಲ್ಲಿ ಕೈ ಬರಿದಾಗಿ, ಗಂಡ ಧರ್ಮರಾಜು ಮನೆಯನ್ನು ಭೋಗ್ಯಕ್ಕೆ ಕೊಟ್ಟ. ತಿಂಗಳ ಬಾಡಿಗೆ ಇಲ್ಲ. ಬರುವವರು ಒಟ್ಟಿಗೆ ಒಂದು ಮೊತ್ತ ಕೊಡುತ್ತಾರೆ, ಬಿಡುವಾಗ ಅಷ್ಟನ್ನೂ ವಾಪಸ್ ಕೊಡಬೇಕು. ಆ ದುಡ್ಡು ತಾರಸಿಯಾಯಿತು. ಮೊದಲನೆಯವರು ಬಿಟ್ಟಾಗ, ಎರಡನೆಯವಳಾದ ಶೈಲಜಮ್ಮನ ದುಡ್ಡು ಅವರ ಕೈಗೆ ಹೋಯಿತು. ದ್ರೌಪದಮ್ಮ ಮಾತ್ರ ಚಾಮರಾಜಪೇಟೆಯ ಬಾಡಿಗೆ ಕೋಣೆಯಲ್ಲಿ, ಸೀಮೆಎಣ್ಣೆ ಸ್ಟೌ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಯಿಸುತ್ತಲೇ ಇದ್ದಳು.

ಈಗ ಶೈಲಜಮ್ಮನೂ ಬಿಡುವವಳು. ಈ ಸಲ ತಾವೇ ಬಂದುಬಿಡಬೇಕೆಂದು ದ್ರೌಪದಮ್ಮ, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಕಟ್ಟಿದ ಚೀಟಿಯನ್ನು ನಷ್ಟಕ್ಕೇ ಕೂಗಿ ಎತ್ತಿದ್ದಳು, ಬಳೆ ಅಡವಿಟ್ಟಿದ್ದಳು. ಶೈಲಜಮ್ಮನಿಗೆ ವಾಪಸ್ ಕೊಡಬೇಕಾದ ಹದಿನೈದು ಸಾವಿರ ಕೂಡಿತ್ತು. ಗಂಡ ಇವತ್ತು ಜೊತೆಗೆ ಬಾ ಎಂದದ್ದು ಬೀಗದಕೈ ಇಸಕೊಳ್ಳೋಕೆ ಅಂದುಕೊಂಡು ಒಗೆದ ಸೀರೆ ಉಟ್ಟು ಬಂದಿದ್ದಳು.

ಅವನನ್ನು ಹಿತ್ತಿಲ ಒಗೆಯೋ ಕಲ್ಲಿನ ಹತ್ತಿರ ಎಳೆದೊಯ್ದಳು.

"ಪೆಟ್ಟಿಗೇಲಿ ಇಟ್ಟಿದ್ನಲ್ಲಾ, ಆ ದುಡ್ಡು?"

"ಉತ್ತರಹಳ್ಳಿ ಕಡೆ ಒಂದು ಸೈಟ್ ಬಂತು ಕಣೆ. ಅಡ್ವಾನ್ಸ್ ಕೊಟ್ಬಿಟ್ಟೆ."

"ನನ್ನ ಬಳೆ ದುಡ್ಡೂ?"

"ಅದೂ ಸೇರೇ. ನಾವೇ ಬಂದು ಕೂತ್ರೆ ಈ ಮನೆ ನಮಗೇನ್ ಕೊಡುತ್ತೆ ಹೇಳು? ಇವ್ರು ಇಪ್ಪತ್ತೆರಡು ಸಾವಿರ ಕೊಡ್ತಾರೆ. ಶೈಲಜಮ್ಮಂಗೆ ಹದಿನೈದು ಹೋದ್ರೆ, ಉಳಿದಿದ್ರಲ್ಲಿ ಸೈಟು ರಿಜಿಸ್ಟ್ರಾಗುತ್ತೆ. ಮೂರೇ ವರ್ಷ."

"ಹೋದ್ಸಲಾನೂ ಮೂರೇ ವರ್ಷ ಅಂದ್ರಿ."

"ನಿಂಗೆ ಈ ಲೆಕ್ಕ ಎಲ್ಲ ಗೊತ್ತಾಗಲ್ಲ."

"ನಂಗಾ? ಒಂದು ಕಟ್ಟು ಕೊತ್ತಂಬ್ರಿ ಸಾಲ ಬಿಟ್ಟೋಳಲ್ಲ ನಾನು! ಆ ಇಪ್ಪತ್ತೆರಡೂ ಒಂದಿನ ವಾಪಸ್ ಕೊಡೋದೇ ಅಲ್ವಾ? ಆಗ ಇನ್ಯಾರ ಸೊಂಟ ಅಳೆದು ಕಟ್ಟೆ ಏರಿಸ್ತೀರಿ?"

"ಮೆತ್ತಗೆ ಮಾತಾಡು," ಎಂದ ಧರ್ಮರಾಜು, ಕಿಟಕಿಯತ್ತ ನೋಡುತ್ತ. "ನಿನ್ನೆನೇ ಇವ್ರ ಯಜಮಾನ್ರ ಜೊತೆ ಎಲೆ ಅಡಿಕೆ ಬದಲಾಯಿಸಿ ಮಾತು ಕೊಟ್ಟಿದೀನಿ."

ಅವಳ ಕೈ ತಾನಾಗಿ ಬರಿ ಮಣಿಕಟ್ಟನ್ನು ಸವರಿತು. ಕೂಗಾಡಿದರೂ ಇವತ್ತು ಶೈಲಜಮ್ಮನಿಗೆ ಕೊಡಲು ಬೇರೆ ದುಡ್ಡಿರಲಿಲ್ಲ. ಒಳಗೆ ಚೂಡಾಮಣಿ ಮೊಳ ಹಾಕಿ ಕಪಾಟು ಅಳೆಯುತ್ತಿದ್ದಳು.

ಶೈಲಜಮ್ಮ ಸಾಮಾನು ಸಾಗಿಸಿದ ಮಾರನೇ ದಿನ ಆಂಜಿನಯ್ಯ ಸೈಕಲ್ಲಿನ ಹಿಂದೆ ಅರ್ಧ ಚೀಲ ಸಿಮೆಂಟು ಕಟ್ಟಿಕೊಂಡು ಬಂದ. ಮೊದಲು ಅಡುಗೆಕಟ್ಟೆಯ ಮೇಲೆ ಹಾಸಿದ್ದ ಕಡಪಾ ಕಲ್ಲನ್ನು ಎಬ್ಬಿಸಿ ಗೋಡೆಗೆ ಒರಗಿಸಿದ. ಕಟ್ಟೆ ತಲೆಯಿಲ್ಲದ ಹಾಗೆ ಕಂಡಿತು.

"ಸಿಮೆಂಟ್ ಕಲಸ್ಲಾ?"

"ಸಿಮೆಂಟ್ ಬೇಡ," ಎಂದಳು ದ್ರೌಪದಮ್ಮ. "ಆ ಎರಡು ವರಸೆ ಮಣ್ಣಲ್ಲೇ ಕೂರ್ಸಿ."

"ಮಣ್ಣಲ್ಲಾ? ಸಿಮೆಂಟ್ ಇಲ್ಲೇ ಇದೆಯಲ್ಲಮ್ಮ. ಮಣ್ಣಾದ್ರೆ ಮೂರ್ನಾಲ್ಕು ವರ್ಷಕ್ಕೆ ಸಡ್ಲ ಆಗ್ಬಿಡುತ್ತೆ."

"ಆಗ್ಲಿ. ನಾನು ಬಂದಾಗ ಕೀಳೋಕೆ ಸುಲಭ."

ಆಂಜಿನಯ್ಯ ಅವಳ ಮುಖ ನೋಡಿದ. ಆಮೇಲೆ ಚೀಲದ ಬಾಯನ್ನು ಮತ್ತೆ ಬಿಗಿದು ಮೂಲೆಗೆ ಸರಿಸಿದ.

ದ್ರೌಪದಮ್ಮ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗಿಳಿದಳು. ಒಗೆಯೋ ಕಲ್ಲಿನ ಪಕ್ಕ ಮಣ್ಣು ಗುಡ್ಡೆ ಮಾಡಿ, ನೀರು ಹುಯ್ದು, ನೆರಿಗೆ ಎತ್ತಿ ಹಿಡಿದು ತುಳಿಯತೊಡಗಿದಳು.