ಚಿನ್ನತಾಯಿಯ ಕನ್ನಡ

ತಮಿಳು ಸೀಮೆಯ ಪೀಳಮೇಡಿನ ಕಾಲೇಜಿನಲ್ಲಿ ಮಾಧ್ಯಮದ ಪಾಠ ಹೇಳುತ್ತಿದ್ದ ಮಹೇಶ ಮೈಸೂರಿನವನು. ಪುಸ್ತಕ ಮುಚ್ಚಿ, ಫೋನ್ ತೆಗೆಯಿರಿ ಎಂದು ತರಗತಿ ಶುರುಮಾಡುವ ಮೇಷ್ಟ್ರು ಎಂದು ಹುಡುಗರಿಗೆಲ್ಲ ಅಚ್ಚುಮೆಚ್ಚು. ಇನ್‌ಸ್ಟಾಗ್ರಾಮಿನಲ್ಲಿ ತರಗತಿಯದೇ ಒಂದು ಪೇಜು ತೆರೆದು, ವಿದ್ಯಾರ್ಥಿಗಳ ವಿಡಿಯೋಗಳನ್ನು ತಿದ್ದಿ ಅಲ್ಲಿ ಹಾಕುತ್ತಿದ್ದ.

ಮನೆಮಾತಿನ ಬಗ್ಗೆ ವಿಡಿಯೋ ಮಾಡಿ ಎಂದಾಗ ವಿದ್ಯಾರ್ಥಿನಿ ಗೋಕಿಲಾ ಸಿರುಮುಗೈಯ ತನ್ನ ಮನೆಯಲ್ಲಿ, ಮಗ್ಗದ ಮುಂದೆ ಕೂತ ಅಜ್ಜಿ ಚಿನ್ನತಾಯಿಯನ್ನು ಮಾತಾಡಿಸಿ ತಂದಳು. "ತರೀಲಿ ಕೂತ್ರೆ ಹಸಿವೇ ತೆರಿಯಲ್ಲ ಕಣ್ಣು," ಎಂದಿದ್ದಳು ಅಜ್ಜಿ. ತಮಿಳರ ನಡುವೆ ತಲೆಮಾರುಗಳಿಂದ ಕನ್ನಡ ಆಡಿಕೊಂಡು ಬಂದ ಆ ಮನೆಯಲ್ಲಿ ಮಗ್ಗವೆಂದರೆ ತರಿ, ಗೊತ್ತಾಗುವುದಿಲ್ಲ ಎಂದರೆ ತೆರಿಯಲ್ಲ, ಮುದ್ದಿನಿಂದ ಕರೆದರೆ ಕಣ್ಣು. ಮಹೇಶ ಅದಕ್ಕೆ ನಗುವ ಸದ್ದು ಸೇರಿಸಿ, 'ಇದು ಕನ್ನಡವೇ?' ಎಂದು ಬರೆದು ಪೇಜಿಗೆ ಹಾಕಿದ. ನಗಿಸಿದರೆ ಜನ ಹೇಗೆ ಸೇರುತ್ತಾರೆ ನೋಡಿ ಎಂದು ಮರುದಿನ ದೊಡ್ಡ ಪರದೆಯ ಮೇಲೆ ಅದನ್ನೇ ಪಾಠ ಮಾಡಿದ.

ಕನ್ನಡದ ಕಾಮೆಂಟುಗಳನ್ನು ಓದಲು ಗೋಕಿಲಾಗೆ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹಾಸನದ ಶ್ರೇಯಾ ಓದಿ ಹೇಳಿದಳು, ಕೆಲವನ್ನು ಬಿಟ್ಟು. ತೆಗೆದುಬಿಡಿ ಸಾರ್ ಎಂದು ಗೋಕಿಲಾ ಕೇಳಿದ್ದಕ್ಕೆ ಮಹೇಶ, ಇಷ್ಟಕ್ಕೆಲ್ಲ ಬೇಜಾರಾಗುವವಳು ಈ ಕ್ಷೇತ್ರಕ್ಕೇಕೆ ಬಂದೆ ಎಂದ. ಅಷ್ಟರಲ್ಲಿ ಬೆಂಗಳೂರಿನ ನೆಂಟರೊಬ್ಬರು ಚಿನ್ನತಾಯಿಗೇ ಫೋನ್ ಮಾಡಿ ನಕ್ಕಿದ್ದರು. ಅಂದಿನಿಂದ ಅಜ್ಜಿ ಮನೆಯೊಳಗೂ ತಮಿಳನ್ನೇ ಆಡತೊಡಗಿದಳು. ಕನ್ನಡದಲ್ಲಿ ಕೂಗಿದರೂ ಉತ್ತರ ತಮಿಳಿನಲ್ಲೇ.

ಗೋಕಿಲಾ ಅಳಲಿಲ್ಲ. ಮಹೇಶ ಆಡುವ ತಮಿಳನ್ನು ಕಿವಿಗೊಟ್ಟು ಕೇಳತೊಡಗಿದಳು.

ವ್ಯಾಪಾರಿಗಳನ್ನು ಹೇಗೆ ಮಾತಾಡಿಸಬೇಕೆಂದು ತೋರಿಸಲು ಅವನು ತರಗತಿಯನ್ನು ಉಕ್ಕಡಂ ಮೀನು ಮಾರುಕಟ್ಟೆಗೆ ಕರೆದೊಯ್ದ ದಿನ, ಕ್ಯಾಮೆರಾ ಹಿಡಿಯಲು ಅವಳೇ ಮುಂದೆ ಬಂದಳು. ಮೀನು ಮಾರುವ ಪಾಪಾತಿ ಅಂಗಡಿಯಲ್ಲಿರಲಿಲ್ಲ. ಮಹೇಶ ಅವಳ ಮಗಳನ್ನು ನಗುನಗುತ್ತ ಕೇಳಿದ: "ಅಮ್ಮಾ ಎಂಗೆ ಪೋಚ್ಚು?" ಅಮ್ಮ ಎಲ್ಲಿ ಹೋದರು ಎಂದು ಕೇಳುವುದು ಅವನ ಮನಸ್ಸಿನಲ್ಲಿತ್ತು. ತಮಿಳಿನಲ್ಲಿ ಅದು 'ಅಮ್ಮ ಎಲ್ಲಿ ಹೋಯ್ತು' ಎಂದು, ತಪ್ಪಿಸಿಕೊಂಡ ಕೋಳಿಯನ್ನು ವಿಚಾರಿಸಿದಂತೆ ಕೇಳಿಸಿತು. ಮಗಳ ಮುಖ ಬಿಗಿಯಿತು. ಗೋಕಿಲಾ ಕ್ಯಾಮೆರಾವನ್ನು ಆ ಮುಖದ ಮೇಲೇ ನಿಲ್ಲಿಸಿದಳು.

ಆ ವಾರ ಪೇಜು ನೋಡಿಕೊಳ್ಳುವ ಸರದಿ ಅವಳದು. ಅದೇ ನಗುವ ಸದ್ದು ಸೇರಿಸಿ, 'ಇದು ತಮಿಳೇ?' ಎಂದು ಬರೆದು ಹಾಕಿದಳು. ಮಹೇಶ ಅಳಿಸುವಷ್ಟರಲ್ಲಿ ಗೋಕಿಲಾ ಅದನ್ನು ತನ್ನ ಖಾತೆಯಲ್ಲೂ ಹಾಕಿದ್ದಳು. ವಿಡಿಯೋ ಊರೆಲ್ಲ ಹರಡಿತು. ಕ್ಯಾಂಟೀನಿನವರು, ಆಟೋದವರು ಅವನನ್ನು ಕಂಡರೆ ಅದೇ ಮಾತನ್ನು ಅನ್ನತೊಡಗಿದರು. ಮಾರುಕಟ್ಟೆಯವರು ಕಾಲೇಜಿನ ಗೇಟಿಗೆ ಬಂದು ನಿಂತರು. ಮಹೇಶ ಪಾಪಾತಿಯ ಮುಂದೆ ಕೈಮುಗಿಯಬೇಕಾಯಿತು. ಅದನ್ನೂ ಯಾರೋ ವಿಡಿಯೋ ಮಾಡಿದರು.

ಕಡೆಗೆ ಅವನು ಗೋಕಿಲಾಳನ್ನು ಹುಡುಕಿಕೊಂಡು ಬಂದ. "ನನ್ನದು ತಪ್ಪಾಯ್ತು. ನಿನ್ನ ಖಾತೆಯಿಂದ ಅದನ್ನ ತೆಗೆದುಬಿಡಮ್ಮ."

"ನಮ್ಮಜ್ಜಿ ಮನೇಲಿ ಕನ್ನಡ ಪೇಸ್ಲಿ ಸಾರ್," ಎಂದಳು ಗೋಕಿಲಾ. "ಆಮೇಲೆ ನೋಡಾಣ."

ಮಾತಾಡಲಿ ಎನ್ನಲು ಪೇಸ್ಲಿ ಎಂದ ಅವಳ ಕನ್ನಡಕ್ಕೆ ಅವನು ನಗಲಿಲ್ಲ. ತಲೆ ತಗ್ಗಿಸಿಕೊಂಡು ಹೋದ. ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟ.

ಅವನು ಕೆಲಸ ಬಿಟ್ಟ ಸುದ್ದಿ ಬಂದ ಸಂಜೆ ಗೋಕಿಲಾ ಗೆದ್ದ ಖುಷಿಯಲ್ಲಿ ಅಜ್ಜಿಯ ಮುಂದೆ ಫೋನ್ ಹಿಡಿದಳು. ಕೈಮುಗಿದು ನಿಂತ ಮಹೇಶನನ್ನು ಚಿನ್ನತಾಯಿ ಬಹಳ ಹೊತ್ತು ನೋಡಿದಳು. "ಪಾವಂ, ಯಾರು ಪೆತ್ತ ಪುಳ್ಳೆಯೋ," ಎಂದಳು. ಪಾಪ, ಯಾರು ಹೆತ್ತ ಮಗನೋ ಎಂಬ ಆ ಮರುಕವೂ ತಮಿಳಿನಲ್ಲೇ ಬಂತು.

ಗೋಕಿಲಾಗೆ ಮರುಕ ಹುಟ್ಟಲಿಲ್ಲ, ಆರುತ್ತಿದ್ದ ಸಿಟ್ಟು ಮತ್ತೆ ಕೆರಳಿತು. ಮಹೇಶ ತಿರುಪ್ಪೂರಿನ ಒಂದು ಕಾಲೇಜು ಸೇರುತ್ತಿದ್ದಾನೆಂದು ಶ್ರೇಯಾ ಹೇಳಿದ್ದಳು. ಆ ಕಾಲೇಜಿನ ಪೇಜು ಹುಡುಕಿ, ಅವನನ್ನು ಸ್ವಾಗತಿಸಿದ್ದ ಫೋಟೋದ ಕೆಳಗೆ ಮೀನು ಮಾರುಕಟ್ಟೆಯ ವಿಡಿಯೋದ ಲಿಂಕ್ ಹಾಕಿದಳು. ಆಮೇಲೆ ಅಜ್ಜಿಗೆ ಊಟ ಬಡಿಸಲು ಎದ್ದಳು.